ಹಕ್ಕಿ ಕಾಯೋದು ಅಂದ್ರೇನು ಅಂತ ತೋರಿಸಿದ ತೇಜಸ್ವಿ

ದೇವರ ಹಿಪ್ಪರಗಿ: ನಮ್ಮ ಕಡೆ ಹಕ್ಕಿ ಕಾಯೋದು ಅಂದ್ರ ಹಕ್ಕಿ ಓಡಿಸೋದು. ಜೋಳದ ತೆನಿ ಹಾಲು ತುಂಬಿದ ಕೂಡಲೇ ಹೊಲದ ನಡುವೆ ಮಂಚಿಗಿ ಕಟ್ಟಿ, ಕೈಯಾಗ ಕವಣಿ ಹಿಡಿದು, ಬೆಳಗಿನಿಂದ ಸಂಜೆತನಕ ಹೋ ಅಂತ ಕೂಗೋದು. ಒಂದು ಹಕ್ಕಿಯೂ ತೆನಿ ಮೇಲೆ ಕೂಡಬಾರದು, ಅದೇ ಕೆಲಸ. ಶಾಲೆ ಬಿಡಿಸಿ ಮಕ್ಕಳನ್ನು ಈ ಕೆಲಸಕ್ಕೆ ಕೂಡಿಸಿದ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ.

ಅತ್ತ ಮಲೆನಾಡಿನ ಮೂಡಿಗೆರೆಯಲ್ಲಿ ಒಬ್ಬರು ವರ್ಷಗಟ್ಟಲೆ ಹಕ್ಕಿ ಕಾದರು. ಅವರದು ಉಲ್ಟಾ ಕೆಲಸ. ಕೆರೆ ದಂಡೆಯಲ್ಲಿ, ಮರೆಯಲ್ಲಿ, ಕೆಮ್ಮು ಬಂದರೂ ನುಂಗಿಕೊಂಡು ಕೂತು, ಹಕ್ಕಿ ಬರಲಿ ಅಂತ ಕಾದರು. ಬಂದ ಮೇಲೆ ಅದು ಹಾರಿ ಹೋಗದಿರಲಿ ಅಂತ ಕಾದರು. ಕೈಯಲ್ಲಿ ಕವಣಿ ಇರಲಿಲ್ಲ, ಕ್ಯಾಮೆರಾ ಇತ್ತು. ಅವರೇ ಕೆ.ಪಿ. ಪೂರ್ಣಚಂದ್ರ ತೇಜಸ್ವಿ.

ಏಪ್ರಿಲ್ 5 ಅವರು ತೀರಿಕೊಂಡ ದಿನ. 2007ರಲ್ಲಿ ಅವರು ಹೋದಾಗ ಈಗ ಕ್ಯಾಮೆರಾ ಹಿಡಿದು ತಿರುಗುವ ನಮ್ಮ ವಾರಿಗೆಯ ಹುಡುಗರು ಒಂದನೇ, ಎರಡನೇ ಇಯತ್ತೆಯಲ್ಲಿದ್ದರು. ಕೆಲವರು ಹುಟ್ಟಿಯೇ ಇರಲಿಲ್ಲ. ಆದರೂ ಅವರ ಹೆಸರು ಎಲ್ಲರಿಗೂ ಗೊತ್ತು. ಕರ್ವಾಲೋ ಓದಿದವರಿದ್ದಾರೆ, ತಬರನ ಕತೆ ಸಿನಿಮಾ ನೋಡಿದವರಿದ್ದಾರೆ, ಏನೂ ಓದದೆ ಮೊಬೈಲಿನಲ್ಲಿ ಅವರ ಫೋಟೊ ಸ್ಟೇಟಸ್ ಇಟ್ಟುಕೊಂಡವರೂ ಇದ್ದಾರೆ. ಆದರೆ ಅವರು ಬರೆದಷ್ಟೇ ಶ್ರದ್ಧೆಯಿಂದ ಹಕ್ಕಿಗಳ ಫೋಟೊ ತೆಗೆದರು ಅನ್ನೋದು ನಮ್ಮ ಕಡೆ ಬಹಳ ಮಂದಿಗೆ ತಿಳಿದಿಲ್ಲ.

ಇದನ್ನು ಈಗಲೇ ನೆನೆಸಲು ಒಂದು ಕಾರಣವಿದೆ. ಏಪ್ರಿಲ್ ಅಂದ್ರ ನಮ್ಮಲ್ಲಿ ಜೋಳದ ರಾಶಿ ಮುಗಿದಿರುತ್ತದೆ, ಡೋಣಿ ಬತ್ತಿರುತ್ತದೆ, ಆಲಮಟ್ಟಿ ಹಿನ್ನೀರು ಹಿಂದೆ ಸರಿದಿರುತ್ತದೆ. ಬಯಲಾದ ಮರಳು, ಕೆಸರು, ಹರಳುಗಲ್ಲಿನ ಮೇಲೆ ಆಗ ಹಕ್ಕಿಗಳು ಮೊಟ್ಟೆ ಇಡುತ್ತವೆ. ಅದೇ ಹೊತ್ತಿಗೆ ಸೂಟಿ ಬಿಟ್ಟ ಹುಡುಗರು ಮೊಬೈಲು, ಕ್ಯಾಮೆರಾ ಹಿಡಿದು ದಂಡೆಗೆ ಇಳಿಯುತ್ತಾರೆ.

ಕುಲಪತಿಯ ಮಗ ತೋಟಕ್ಕೆ ಹೋದ

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಅವರ ಮನೆತನದ ಊರು. ಬೆಳೆದದ್ದು ಮೈಸೂರಿನ ಒಂಟಿಕೊಪ್ಪಲಿನ ಉದಯರವಿ ಮನೆಯಲ್ಲಿ.

1956ರಿಂದ 1960ರವರೆಗೆ ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದರು. ಮಗ ಅದೇ ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ. ಅಪ್ಪ ಅಷ್ಟು ದೊಡ್ಡ ಹೆಸರು, ಕೈಯಲ್ಲಿ ಡಿಗ್ರಿ. ಲೆಕ್ಚರರ್ ಕೆಲಸ ಹಿಡಿದು ಮೈಸೂರಿನಲ್ಲೇ ಆರಾಮ ಇರಬಹುದಿತ್ತು. ನಮ್ಮೂರಿನಲ್ಲಾದರೆ ಮನೆಮಂದಿಯೆಲ್ಲ ಸೇರಿ ಹಾಗೇ ಮಾಡಿಸುತ್ತಿದ್ದರು.

ತೇಜಸ್ವಿ ನೌಕರಿ ಕಡೆ ಹೊರಳಿ ನೋಡಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿಗೆ ಹೋಗಿ ಕಾಫಿ ತೋಟ ಮಾಡಿದರು. ಮೊದಲ ತೋಟಕ್ಕೆ ಚಿತ್ರಕೂಟ ಅಂತ ಹೆಸರಿಟ್ಟರು. ಆಮೇಲೆ ಮೂಡಿಗೆರೆ ಹತ್ತಿರವೇ ನೆಲೆ ನಿಂತ ಜಾಗಕ್ಕೆ ನಿರುತ್ತರ ಅಂತ ಹೆಸರಾಯಿತು. ಅಲ್ಲಿಯೇ ಕೊನೆತನಕ ಇದ್ದರು.

1966ರಲ್ಲಿ ರಾಜೇಶ್ವರಿ ಅವರನ್ನು ಕುಪ್ಪಳಿಯಲ್ಲಿ ಮದುವೆಯಾದರು. ವರದಕ್ಷಿಣೆ ಇಲ್ಲ, ಪುರೋಹಿತರಿಲ್ಲ, ಮುಹೂರ್ತದ ಗದ್ದಲವಿಲ್ಲ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯ ಪದ್ಧತಿಯ ಮದುವೆ ಅದು. ಇವತ್ತಿಗೂ ನಾಡಿನಲ್ಲಿ ಆ ರೀತಿ ಮದುವೆಯಾಗುವವರಿದ್ದಾರೆ.

ಲೋಹಿಯಾ ವಿಚಾರ, ಸಮಾಜವಾದಿ ಚಳವಳಿ, ಆಮೇಲೆ ರೈತ ಚಳವಳಿ ಅಂತ ಗೆಳೆಯರ ಜೊತೆ ಓಡಾಡಿದರು. ನಡುನಡುವೆ ಬರೆದರು. 1973ರಲ್ಲಿ ಬಂದ ಅಬಚೂರಿನ ಪೋಸ್ಟಾಫೀಸು ಕಥಾಸಂಕಲನದ ಮುನ್ನುಡಿಯಲ್ಲಿ ಆಗ ನಡೆಯುತ್ತಿದ್ದ ನವ್ಯದ ದಾರಿ ತನಗೆ ಸಾಕು ಅಂತ ಸಾರಿ, ಬೇರೆ ದಾರಿ ಹಿಡಿದರು. ಊರಿನ ಮಂದಿ, ಸಂತೆ, ಪೋಸ್ಟಾಫೀಸು, ಕಾಡು, ನಾಯಿ, ಜೇನು, ಮೀನು ಎಲ್ಲ ಅವರ ಕತೆಯೊಳಗೆ ಬಂದವು. 1985ರ ಚಿದಂಬರ ರಹಸ್ಯ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2001ರಲ್ಲಿ ಪಂಪ ಪ್ರಶಸ್ತಿ ಬಂತು. ಪ್ರಶಸ್ತಿ ಬಂದರೂ ಅವರು ಸಭೆ ಸಮಾರಂಭಕ್ಕೆ ಸಿಗುವ ಮನುಷ್ಯ ಆಗಲಿಲ್ಲ. ಸ್ಕೂಟರ್ ಹತ್ತಿ ಮೂಡಿಗೆರೆ ಪೇಟೆಗೆ ಬಂದು ಕೆಲಸ ಮುಗಿಸಿಕೊಂಡು ಮತ್ತೆ ತೋಟಕ್ಕೆ ಹೋಗುತ್ತಿದ್ದರು.

ಬಂದೂಕಿನಿಂದ ಕ್ಯಾಮೆರಾಕ್ಕೆ

ನಾವು ಬಂದೂಕು ಅಂತೀವಿ, ಮಲೆನಾಡಿನ ಮಂದಿ ಕೋವಿ ಅಂತಾರೆ. ಅಲ್ಲಿ ತೋಟದ ಮನೆಗೆ ಕೋವಿ ಇರೋದು, ನಮ್ಮ ಹೊಲದ ಮನೆಗೆ ಕೊಡ್ಲಿ ಕುಡಗೋಲು ಇದ್ದಂಗ. ತೇಜಸ್ವಿಯೂ ಚಿಕ್ಕ ವಯಸ್ಸಿನಲ್ಲಿ ಶಿಕಾರಿ ಮಾಡಿದವರೇ. ಅದನ್ನು ಅವರು ಮುಚ್ಚಿಡಲಿಲ್ಲ. 1991ರಲ್ಲಿ ಬಂದ ಪರಿಸರದ ಕತೆಯಲ್ಲಿ ಶಿಕಾರಿ ಹುಚ್ಚಿನ ದಿನಗಳು, ಜೊತೆಗಿದ್ದ ಆಳುಗಳು, ಕಿವಿ ಅನ್ನೋ ಹೆಸರಿನ ನಾಯಿ ಎಲ್ಲ ನಗೆ ಬರಿಸುವಂತೆ ಬಂದಿವೆ.

ಬರಬರುತ್ತ ಕೋವಿ ಮೂಲೆಗೆ ಸೇರಿತು, ಕ್ಯಾಮೆರಾ ಕೈಗೆ ಬಂತು. ಇದು ಒಂದೇ ದಿನಕ್ಕೆ ಆದ ಬದಲಾವಣೆ ಅಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೇಶದಲ್ಲಿ ಬೇಟೆಗೆ ಲಗಾಮು ಬಿತ್ತು, ಅದು ಹೊರಗಿನ ಕಾರಣ. ಒಳಗಿನ ಕಾರಣ ಬೇರೆ ಇತ್ತು. ಹೊಡೆದ ಹಕ್ಕಿ ಕೈಗೆ ಬಂದರೆ ಮಾಂಸ ಸಿಗುತ್ತದೆ, ಆದರೆ ಅಲ್ಲಿಗೆ ಆ ಹಕ್ಕಿಯ ಕತೆ ಮುಗಿಯಿತು. ಅದು ಯಾಕೆ ಅಲ್ಲಿ ಕೂತಿತ್ತು, ಯಾರನ್ನು ಕರೆಯುತ್ತಿತ್ತು, ಗೂಡು ಎಲ್ಲಿತ್ತು ಅನ್ನೋದು ಯಾವತ್ತಿಗೂ ತಿಳಿಯೋದಿಲ್ಲ. ತೇಜಸ್ವಿಗೆ ಬೇಕಾಗಿದ್ದು ಆ ಕತೆ.

ಹಾಗಂತ ಬೇಟೆಗಾರನ ವಿದ್ಯೆ ವ್ಯರ್ಥ ಆಗಲಿಲ್ಲ. ಗಾಳಿ ಯಾವ ಕಡೆ ಬೀಸುತ್ತಿದೆ, ಯಾವ ಹೊತ್ತಿಗೆ ಪ್ರಾಣಿ ನೀರಿಗೆ ಬರುತ್ತದೆ, ಒಣ ಎಲೆ ಸಪ್ಪಳ ಆಗದಂತೆ ಹೆಜ್ಜೆ ಹೇಗೆ ಇಡಬೇಕು ಅನ್ನೋ ಲೆಕ್ಕ ಎರಡೂ ಕೆಲಸಕ್ಕೆ ಒಂದೇ. ಗಾಳ ಹಾಕಿ ಮೀನು ಹಿಡಿಯೋದಂತೂ ಅವರಿಗೆ ದೊಡ್ಡ ಹುಚ್ಚು. ಗಾಳ ಹಾಕಿ ಕೂತವರಿಗೆ ತಾಳ್ಮೆ ಯಾರೂ ಹೇಳಿಕೊಡಬೇಕಿಲ್ಲ. ನೀರಿನ ದಂಡೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂತವರ ಹತ್ತಿರಕ್ಕೆ ಹಕ್ಕಿಗಳೂ ಬರುತ್ತವೆ.

ರೋಲಿಗೆ ಮೂವತ್ತಾರೇ ಫೋಟೊ

ಈಗಿನ ಹುಡುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ತೇಜಸ್ವಿ ಹಕ್ಕಿ ಫೋಟೊ ತೆಗೆಯಲು ಶುರು ಮಾಡಿದ್ದು ರೋಲಿನ ಕಾಲದಲ್ಲಿ. ನಮ್ಮೂರ ಹಳೆಯ ಫೋಟೊ ಸ್ಟುಡಿಯೋದವರನ್ನು ಕೇಳಿ ನೋಡ್ರಿ, ಆ ಕಾಲದ ಕಷ್ಟ ಹೇಳುತ್ತಾರೆ. ಒಂದು ರೋಲಿಗೆ ಮೂವತ್ತಾರು ಫೋಟೊ. ಮದುವೆ ಮನೆಯಲ್ಲಿ ಯಾರಾದರೂ ಸುಮ್ಮಸುಮ್ಮನೆ ಪೋಸ್ ಕೊಟ್ಟರೆ ಫೋಟೋಗ್ರಾಫರ್ ಬರೀ ಫ್ಲ್ಯಾಶ್ ಹೊಡೆದು ಸಮಾಧಾನ ಮಾಡುತ್ತಿದ್ದ ಕಾಲ ಅದು.

ಹಿಂದೆ ಪರದೆ ಇರಲಿಲ್ಲ. ತೆಗೆದದ್ದು ಹೇಗೆ ಬಂದಿದೆ ಅಂತ ಆಗಲೇ ನೋಡುವಂತಿಲ್ಲ. ರೋಲು ಮುಗಿಯಬೇಕು, ಪೇಟೆಯ ಲ್ಯಾಬಿಗೆ ಹೋಗಬೇಕು, ತೊಳೆದು ಬರಬೇಕು. ಅಷ್ಟರಲ್ಲಿ ವಾರ ಕಳೆದಿರುತ್ತದೆ. ಬಂದದ್ದು ಮಸುಕಾಗಿದ್ದರೆ ಆ ಹಕ್ಕಿ ಮತ್ತೆ ಅಲ್ಲೇ ಕೂತಿರುವುದಿಲ್ಲ, ಮರಿ ಗೂಡು ಬಿಟ್ಟು ಹಾರಿರುತ್ತದೆ, ಮುಂದಿನ ವರ್ಷದ ತನಕ ಕಾಯಬೇಕು.

ಬೆಳಕಿನ ಕಾಟ ಇನ್ನೊಂದು. ಆಗಿನ ಬಣ್ಣದ ರೋಲುಗಳಿಗೆ ಬೆಳಕು ಜಾಸ್ತಿ ಬೇಕು. ನಮ್ಮ ಬಯಲು ಸೀಮೆಯಲ್ಲಿ ಬೆಳಕಿಗೆ ಬರವಿಲ್ಲ. ಮೂಡಿಗೆರೆ ಹಾಗಲ್ಲ. ತಿಂಗಳುಗಟ್ಟಲೆ ಮಳೆ, ಮಂಜು, ತೋಟದ ಮೇಲೆ ದೊಡ್ಡ ಮರಗಳ ನೆರಳು. ನೆರಳಿನಲ್ಲಿ ಕೂತ ಹಕ್ಕಿ ತುಸು ಅಲುಗಿದರೂ ಚಿತ್ರ ಮಸುಕು. ಉದ್ದನೆಯ ಲೆನ್ಸು ಹಾಕಿದರೆ ಕೈ ನಡುಗಿದ್ದೂ ಚಿತ್ರದಲ್ಲಿ ಕಾಣುತ್ತದೆ, ಅದಕ್ಕೆ ಮೂರು ಕಾಲಿನ ಸ್ಟ್ಯಾಂಡ್ ಬೇಕು.

ಇದಕ್ಕೆಲ್ಲ ಇರೋದು ಒಂದೇ ಉಪಾಯ, ಹತ್ತಿರ ಹೋಗೋದು. ಆದರೆ ಹತ್ತಿರ ಹೋದರೆ ಹಕ್ಕಿ ಹಾರುತ್ತದೆ. ಅದಕ್ಕೇ ಮರೆ. ಇಂಗ್ಲಿಷಿನಲ್ಲಿ ಹೈಡ್ ಅಂತಾರೆ. ಬಟ್ಟೆ, ಸೊಪ್ಪು, ಕಡ್ಡಿಯಿಂದ ಒಬ್ಬರು ಕೂಡುವಷ್ಟು ಸಣ್ಣ ಗುಡಾರ ಕಟ್ಟಿ, ಲೆನ್ಸಿನ ಮೂತಿ ಹೊರಗೆ ಬರುವಷ್ಟು ಮಾತ್ರ ಕಿಂಡಿ ಬಿಡೋದು. ಅದನ್ನೂ ಒಮ್ಮೆಲೇ ಹಕ್ಕಿಯ ಮುಂದೆ ನಿಲ್ಲಿಸುವಂತಿಲ್ಲ. ಮೊದಲು ದೂರದಲ್ಲಿಟ್ಟು, ಹಕ್ಕಿ ಅದಕ್ಕೆ ಹೊಂದಿಕೊಂಡ ಮೇಲೆ ದಿನಕ್ಕಿಷ್ಟು ಅಂತ ಮುಂದೆ ಸರಿಸಬೇಕು. ಆ ಕಾಲದ ಹಕ್ಕಿ ಫೋಟೋಗ್ರಾಫರುಗಳ ಇನ್ನೊಂದು ಯುಕ್ತಿ ಕೇಳಿದರೆ ನಗು ಬರುತ್ತದೆ. ಇಬ್ಬರು ಸೇರಿ ಮರೆಯೊಳಗೆ ಹೋಗೋದು, ಒಬ್ಬರು ಮಾತ್ರ ಹೊರಗೆ ಬಂದು ಎದ್ದು ಕಾಣುವಂತೆ ದೂರ ನಡೆದು ಹೋಗೋದು. ಹಕ್ಕಿಗೆ ಲೆಕ್ಕ ಬರೋದಿಲ್ಲ, ಮನುಷ್ಯ ಹೋದ ಅಂತ ತಿಳಿದು ಗೂಡಿಗೆ ಮರಳುತ್ತದೆ.

ತೇಜಸ್ವಿ ಹೀಗೆ ಮರೆಯಲ್ಲಿ ಕೂತು ವರ್ಷಗಳನ್ನೇ ಕಳೆದರು. ದೂರದ ಆಫ್ರಿಕಾಕ್ಕೋ ಹೆಸರಾದ ಅಭಯಾರಣ್ಯಕ್ಕೋ ಹೋಗಿ ತಂದ ಚಿತ್ರಗಳಲ್ಲ ಇವು. ಬಹುಪಾಲು ತಮ್ಮ ತೋಟದಲ್ಲಿ, ತೋಟದ ನೀರಿನ ಸುತ್ತ, ಮೂಡಿಗೆರೆ ಸುತ್ತಮುತ್ತ ತೆಗೆದವು. ಅವರ ಹಕ್ಕಿ ಪುಸ್ತಕಗಳಲ್ಲಿ ಅವು ಬಂದವು, ಅವರು ಹೋದ ಮೇಲೆ ಪ್ರದರ್ಶನಗಳಲ್ಲಿಯೂ ಜನ ನೋಡಿದರು.

ದಂಡೆಯ ಮಿಂಚುಳ್ಳಿ

ತೇಜಸ್ವಿ ಬರೆದ ಪುಸ್ತಕಗಳಲ್ಲಿ ಒಂದರ ಹೆಸರೇ ಮಿಂಚುಳ್ಳಿ. ನೀಲಿ ರೆಕ್ಕೆಯ, ಉದ್ದ ಕೊಕ್ಕಿನ, ಮೀನು ಹಿಡಿಯುವ ಹಕ್ಕಿ. ನಮ್ಮ ಬಾವಿ, ಹಳ್ಳ, ಕಾಲುವೆ ಹತ್ತಿರವೂ ತಂತಿ ಮೇಲೆ ಕೂತಿರುತ್ತದೆ. ಹೆಸರಿನಲ್ಲೇ ಮಿಂಚು ಇದೆ, ಅದು ನೀರಿಗೆ ಬೀಳೋದು ಹಾಗೇ. ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದು, ಮೀನು ಹಿಡಿದು, ಮತ್ತೆ ಕೊಂಬೆ ಮೇಲೆ.

ಇಂಥ ಹಕ್ಕಿ ಕೂತಾಗ ಫೋಟೊ ತೆಗೆಯೋದು ಒಂದು, ಅದು ಏನಾದರೂ ಮಾಡುವಾಗ ತೆಗೆಯೋದು ಇನ್ನೊಂದು. ಎರಡಕ್ಕೂ ಬಹಳ ಫರಕಿದೆ. ಕೂತ ಹಕ್ಕಿಗೆ ಒಳ್ಳೆಯ ಲೆನ್ಸು ಸಾಕು. ಮೀನು ಹಿಡಿಯುವ ಹಕ್ಕಿಗೆ, ಮರಿಗೆ ತುತ್ತು ಕೊಡುವ ಹಕ್ಕಿಗೆ ಲೆನ್ಸಿಗಿಂತ ಮೊದಲು ತಿಳಿವಳಿಕೆ ಬೇಕು. ಯಾಕಂದ್ರ ಆಗೋದನ್ನು ಕಣ್ಣಿಂದ ನೋಡಿ ಬಟನ್ ಒತ್ತುವಷ್ಟರಲ್ಲಿ ಅದು ಆಗಿ ಹೋಗಿರುತ್ತದೆ. ಮುಂದೆ ಏನಾಗುತ್ತದೆ ಅಂತ ಮೊದಲೇ ಗೊತ್ತಿರಬೇಕು.

ಮಿಂಚುಳ್ಳಿಗೆ ಇಷ್ಟದ ಕೊಂಬೆ ಒಂದಿರುತ್ತದೆ, ದಿನಾ ಅಲ್ಲಿಯೇ ಬಂದು ಕೂಡುತ್ತದೆ. ಹಿಡಿದ ಮೀನನ್ನು ಕೊಂಬೆಗೆ ಬಡಿದು ಸುಮ್ಮನಾಗಿಸಿ, ತಲೆ ಮುಂದಾಗುವಂತೆ ಹೊರಳಿಸಿಕೊಂಡು ನುಂಗುತ್ತದೆ, ಬಾಲದಿಂದ ನುಂಗಿದರೆ ಮೀನಿನ ರೆಕ್ಕೆ ಮುಳ್ಳು ಗಂಟಲಿಗೆ ಸಿಗುತ್ತದೆ. ತಾನು ನುಂಗದೆ ಮೀನಿನ ತಲೆ ಹೊರಗೆ ಬರುವಂತೆ ಹಿಡಿದುಕೊಂಡಿದ್ದರೆ, ಅದು ಮರಿಗೋ ಜೊತೆಯ ಹಕ್ಕಿಗೋ ಕೊಡಲು ಹೊರಟಿದೆ ಅಂತ ಅರ್ಥ. ಗೂಡು ಮರದ ಮೇಲಲ್ಲ, ಹಳ್ಳದ ಮಣ್ಣಿನ ಗೋಡೆಯಲ್ಲಿ ಕೊರೆದ ಉದ್ದನೆಯ ಬಿಲ. ಇಷ್ಟು ತಿಳಿದವರಿಗೆ ಎಲ್ಲಿ ಕೂಡಬೇಕು, ಯಾವಾಗ ಉಸಿರು ಹಿಡಿಯಬೇಕು ಅನ್ನೋದು ತಿಳಿಯುತ್ತದೆ. ಫೋಟೊ ಅನ್ನೋದು ಈ ತಿಳಿವಳಿಕೆಯ ಕೊನೆಗೆ ಬರುವ ಫಲ.

ತೇಜಸ್ವಿಯ ಚಿತ್ರಗಳಲ್ಲಿ ಇದು ಕಾಣುತ್ತದೆ. ಅವರ ಬರವಣಿಗೆಯಲ್ಲಿಯೂ ಇದೇ ಕಾಣುತ್ತದೆ. ಊರ ಮಂದಿಯನ್ನು ಅವರು ನೋಡಿದ್ದೂ ಹೀಗೇ, ಮರೆಯಲ್ಲಿ ಕೂತು, ಅವಸರ ಮಾಡದೆ, ತೀರ್ಪು ಕೊಡದೆ.

ಹಕ್ಕಿಗೆ ಕನ್ನಡದ ಹೆಸರು

ಸಲೀಂ ಅಲಿ ಅವರ ಭಾರತದ ಹಕ್ಕಿಗಳ ಪುಸ್ತಕ ಇಂಗ್ಲಿಷಿನಲ್ಲಿ ಬಂದಿದ್ದು 1941ರಲ್ಲಿ. ಹಕ್ಕಿ ನೋಡುವ ಹವ್ಯಾಸ ಬಹಳ ವರ್ಷ ಇಂಗ್ಲಿಷ್ ಬಲ್ಲವರ, ದುರ್ಬೀನು ಕೊಳ್ಳುವ ತಾಕತ್ತು ಇದ್ದವರ ಕೈಯಲ್ಲಿತ್ತು. ಹೊಲದಲ್ಲಿ ದಿನಾ ಹಕ್ಕಿ ನೋಡುವ ರೈತನಿಗೆ ಆ ಪುಸ್ತಕ ಮುಟ್ಟಲಿಲ್ಲ.

ತೇಜಸ್ವಿ ಕನ್ನಡ ನಾಡಿನ ಹಕ್ಕಿಗಳು ಬರೆದರು. ಯಾವ ಹಕ್ಕಿ, ಎಷ್ಟು ದೊಡ್ಡದು, ಏನು ತಿನ್ನುತ್ತದೆ, ಗೂಡು ಎಲ್ಲಿ, ಮೊಟ್ಟೆ ಎಂಥದು ಅನ್ನೋದನ್ನು ಹೈಸ್ಕೂಲ್ ಹುಡುಗನಿಗೂ ತಿಳಿಯುವ ಕನ್ನಡದಲ್ಲಿ ಕೊಟ್ಟರು. ಹೆಜ್ಜೆ ಮೂಡದ ಹಾದಿ, ಹಕ್ಕಿ ಪುಕ್ಕ ಬಂದವು. ಏರೋಪ್ಲೇನ್ ಚಿಟ್ಟೆ, ಮಿಸ್ಸಿಂಗ್ ಲಿಂಕ್ ಅಂತ ವಿಜ್ಞಾನದ ಪುಸ್ತಕಗಳು ಬಂದವು. ಕೆನೆತ್ ಆಂಡರ್ಸನ್ ಬರೆದ ಕಾಡಿನ ಕತೆಗಳನ್ನು ಕನ್ನಡಕ್ಕೆ ತಂದರು. ಗೆಳೆಯರ ಜೊತೆ ಅಂಡಮಾನಿಗೆ ಹೋಗಿ ಬಂದು ಅಲೆಮಾರಿಯ ಅಂಡಮಾನ್ ಬರೆದರು. ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಓಡಬೇಕು ಅಂತ ತಂತ್ರಾಂಶದ ಬೆನ್ನು ಹತ್ತಿದ್ದರು. ಕಾಡಿನ ಮನುಷ್ಯನಿಗೆ ಕಂಪ್ಯೂಟರ್ ಯಾಕೆ ಅಂತ ಕೇಳುವವರಿಗೆ ಉತ್ತರ ಸರಳ: ಹಕ್ಕಿಯ ವಿಷಯ ಕನ್ನಡದಲ್ಲಿ ಸಿಗಬೇಕು ಅನ್ನೋ ಹಟ ಮತ್ತು ಕನ್ನಡ ಕಂಪ್ಯೂಟರಿನಲ್ಲಿ ಬರಬೇಕು ಅನ್ನೋ ಹಟ ಬೇರೆಬೇರೆ ಅಲ್ಲ.

ಕೈಗೆ ಸಿಗದ ಓತಿ

1980ರ ಕರ್ವಾಲೋ ಕಾದಂಬರಿಯನ್ನು ಇಲ್ಲಿ ನೆನೆಸಬೇಕು. ಕರ್ವಾಲೋ ಒಬ್ಬ ವಿಜ್ಞಾನಿ. ಅವರ ಜೊತೆಗೆ ಹಳ್ಳಿಯ ಮಂದಣ್ಣ, ಅಡುಗೆಯ ಕರಿಯಪ್ಪ, ಕ್ಯಾಮೆರಾ ಹಿಡಿದ ಪ್ರಭಾಕರ, ಕತೆ ಹೇಳುವವ ಮತ್ತು ಅವನ ನಾಯಿ. ಎಲ್ಲರೂ ಹಾರುವ ಓತಿ ಹುಡುಕುತ್ತ ಕಾಡು ಹೊಗುತ್ತಾರೆ. ಪುಸ್ತಕ ಬಲ್ಲ ವಿಜ್ಞಾನಿಗೆ ದಾರಿ ತೋರಿಸೋದು ಊರವರ ಕಣ್ಣಿಗೆ ದಡ್ಡನಂತೆ ಕಾಣುವ ಮಂದಣ್ಣ. ಕೊನೆಗೆ ಓತಿ ಸಿಗುತ್ತದೆ, ಆದರೆ ಕೈಗಲ್ಲ. ಎಲ್ಲರ ಕಣ್ಣೆದುರೇ ಪ್ರಪಾತದ ಮೇಲೆ ತೇಲಿ ಹೋಗುತ್ತದೆ.

ಸಣ್ಣವರಿದ್ದಾಗ ಇದನ್ನು ಓದಿದರೆ ಅಯ್ಯೋ ತಪ್ಪಿಸಿಕೊಂಡಿತಲ್ಲ ಅಂತ ಬೇಜಾರಾಗುತ್ತದೆ. ದೊಡ್ಡವರಾದ ಮೇಲೆ ಓದಿದರೆ ಅದು ಹೋದದ್ದೇ ಛಲೋ ಆಯಿತು ಅನ್ನಿಸುತ್ತದೆ. ನೋಡಿದ್ದೇ ದೊಡ್ಡದು, ಹಿಡಿಯೋದು ಅಗತ್ಯವಿರಲಿಲ್ಲ. ಮರೆಯಲ್ಲಿ ಇಡೀ ದಿನ ಕೂತು ರೋಲು ಖಾಲಿ ಮಾಡದೆ ಮನೆಗೆ ಮರಳುವುದು ಹಕ್ಕಿ ಫೋಟೊ ತೆಗೆಯುವ ಎಲ್ಲರ ಪಾಲಿಗೂ ಇದ್ದದ್ದೇ. ಆ ದಿನವನ್ನು ಸೋಲು ಅಂತ ತಿಳಿಯುವವರಿಗೆ ಈ ಕೆಲಸ ಆಗಿಬರೋದಿಲ್ಲ.

2007ರ ಏಪ್ರಿಲ್ 5ರಂದು ತೇಜಸ್ವಿ ನಿರುತ್ತರದ ಮನೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 68 ವರ್ಷ. ರಾಜೇಶ್ವರಿ ಅವರು ನನ್ನ ತೇಜಸ್ವಿ ಅಂತ ಪುಸ್ತಕ ಬರೆದು ಆ ಬದುಕನ್ನು ಒಳಗಿನಿಂದ ಕಾಣಿಸಿದರು. 2021ರಲ್ಲಿ ಅವರೂ ಹೋದರು. ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಲ್ಲಿ ಈಗ ಪೂರ್ಣಚಂದ್ರ ತೇಜಸ್ವಿ ಪ್ರತಿಷ್ಠಾನ ಇದೆ. ಧರ್ಮಸ್ಥಳದ ಕಡೆ ಹೋಗುವ ನಮ್ಮವರು ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಅಲ್ಲಿ ನೀರುದೋಸೆ ತಿಂದು ಹೋಗುತ್ತಾರೆ. ಇನ್ನು ಮುಂದೆ ಅರ್ಧ ತಾಸು ಪ್ರತಿಷ್ಠಾನಕ್ಕೂ ಕೊಡಬಹುದು.

ನಮ್ಮ ದಂಡೆಗೆ ಬಂದರೆ

ತೇಜಸ್ವಿ ಇದ್ದ ಚಿಕ್ಕಮಗಳೂರು ಜಿಲ್ಲೆಯಲ್ಲೇ ಲಕ್ಕವಳ್ಳಿಯ ಭದ್ರಾ ಡ್ಯಾಂ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ನಡುವೆ ನಡುಗಡ್ಡೆಗಳು ಮೇಲೆ ಬರುತ್ತವೆ. ಅಲ್ಲಿ ರೀವ ಹಕ್ಕಿಗಳು ಸಾವಿರಗಟ್ಟಲೆ ಸೇರಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ದೇಶದ ಎಲ್ಲ ಕಡೆಯಿಂದ ಫೋಟೋಗ್ರಾಫರುಗಳು ಅಲ್ಲಿಗೆ ಬರುತ್ತಾರೆ, ದೋಣಿಯಲ್ಲಿ ಕೂತು ದೂರದಿಂದ ಫೋಟೊ ತೆಗೆದು ಹೋಗುತ್ತಾರೆ.

ನಮ್ಮ ಜಿಲ್ಲೆಗೆ ಇದಕ್ಕಿಂತ ದೊಡ್ಡ ನೀರಿದೆ. ಆಲಮಟ್ಟಿಯ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರ 123 ಟಿಎಂಸಿ ನೀರು ಹಿಡಿಯುತ್ತದೆ. ಇಂಡಿ, ಸಿಂದಗಿ ಕಡೆ ಭೀಮೆ ಹರಿಯುತ್ತಾಳೆ, ಮುದ್ದೇಬಿಹಾಳದ ಕಡೆ ಕೃಷ್ಣೆ. ನಮ್ಮ ಮಗ್ಗುಲಲ್ಲೇ ಡೋಣಿ. ಕೆರೆ ತುಂಬುವ ಯೋಜನೆ ಬಂದ ಮೇಲೆ ಒಣಗಿ ಬಿದ್ದಿದ್ದ ಎಷ್ಟೋ ಕೆರೆಗಳಲ್ಲಿ ನೀರು ನಿಂತಿದೆ. ನೀರು ಬಂದಲ್ಲಿ ಹಕ್ಕಿ ಬಂದವು. ಚಳಿಗಾಲಕ್ಕೆ ಉತ್ತರದ ದೇಶಗಳಿಂದ ಉಲ್ಲಂಕಿ, ಗೊರವಗಳು ಬಂದು ಕೆಸರಿನಲ್ಲಿ ಕೊಕ್ಕು ಊರಿ ಹುಳ ಹೆಕ್ಕುತ್ತವೆ. ಕೆಂಪು ಕೋಲಿನಂಥ ಕಾಲಿನ ಮೆಟ್ಟುಗಾಲು ಹಕ್ಕಿ ನಿಂತ ನೀರಿದ್ದಲ್ಲೆಲ್ಲ ಇದೆ. ಆಲಮಟ್ಟಿ ಹಿನ್ನೀರಿಗೆ ರಾಜಹಂಸಗಳೂ ಬರುತ್ತವೆ.

ಇವುಗಳಲ್ಲಿ ನಮಗೆಲ್ಲ ಗೊತ್ತಿರುವುದು ಟಿಟ್ಟಿಭ. ರಾತ್ರಿ ಹೊಲದಲ್ಲಿ ನಡೆದರೆ ತಲೆ ಮೇಲೆ ಬಂದು ಒದರಿ ಊರಿಗೆಲ್ಲ ಸುದ್ದಿ ಮುಟ್ಟಿಸುವ ಹಕ್ಕಿ. ಅದರ ಸಂಸಾರ ಒಮ್ಮೆ ಸುಮ್ಮನೆ ಕೂತು ನೋಡ್ರಿ. ಗೂಡು ಅಂದ್ರ ಗೂಡಲ್ಲ, ನೆಲದಲ್ಲಿ ಒಂದು ತಗ್ಗು, ಸುತ್ತ ನಾಲ್ಕು ಹರಳು. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಚೂಪಾದ ತುದಿ ಒಳಮುಖ. ಬಣ್ಣ ಮಣ್ಣು ಹರಳಿನದೇ, ಮುಂದೆ ನಿಂತರೂ ಕಾಣೋದಿಲ್ಲ. ಗಂಡು ಹೆಣ್ಣು ಪಾಳಿ ಮೇಲೆ ಕೂಡುತ್ತವೆ, ಸುಮಾರು ನಾಲ್ಕು ವಾರ. ಬಿಸಿಲು ಏರಿದಾಗ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತವೆ. ಯಾರಾದರೂ ಹತ್ತಿರ ಬಂದರೆ ಒಂದು ಸದ್ದಿಲ್ಲದೆ ಎದ್ದು ದೂರ ನಡೆದು, ಅಲ್ಲಿಂದ ಗದ್ದಲ ಎಬ್ಬಿಸಿ ನಮ್ಮ ಗಮನ ಅತ್ತ ಎಳೆಯುತ್ತದೆ. ಮರಿಗಳು ಹುಟ್ಟಿದ ದಿನವೇ ಓಡುತ್ತವೆ, ಅವ್ವ ಕೂಗಿದ ಕೂಡಲೇ ನೆಲಕ್ಕೆ ಅಂಟಿ ಕಲ್ಲಿನಂತೆ ಆಗುತ್ತವೆ.

ಈಗ ಯೋಚನೆ ಮಾಡ್ರಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು. ಒಬ್ಬ ಹುಡುಗ ಮೊಬೈಲಿನಲ್ಲಿ ಒಳ್ಳೆ ವಿಡಿಯೊ ಬರಲಿ ಅಂತ ಗೂಡಿನ ಮುಂದೆ ಅರ್ಧ ತಾಸು ನಿಂತ. ಹಕ್ಕಿ ತಲೆ ಮೇಲೆ ಒದರುತ್ತ ಹಾರುತ್ತಿದೆ, ವಿಡಿಯೊ ಭಾರಿ ಬಂತು. ಆದರೆ ಆ ಅರ್ಧ ತಾಸು ಮೊಟ್ಟೆಗೆ ನೆರಳಿಲ್ಲ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ಮರಿ ಬೆಂದು ಹೋಗುತ್ತದೆ. ಹುಡುಗ ಮನೆಗೆ ಹೋಗಿ ರೀಲ್ಸ್ ಹಾಕುತ್ತಾನೆ, ಅಲ್ಲಿ ಏನಾಯಿತು ಅಂತ ಅವನಿಗೆ ಗೊತ್ತೇ ಆಗೋದಿಲ್ಲ. ದಂಡೆಗೆ ಬೈಕು, ಕಾರು ಇಳಿಸಿದರೆ ಇನ್ನೂ ಕಷ್ಟ, ಕಾಣದ ಮೊಟ್ಟೆ ಗಾಲಿ ಕೆಳಗೆ ಹೋಗುತ್ತದೆ. ಡ್ರೋನ್ ಹಾರಿಸಿದರೆ ಹಕ್ಕಿಗಳು ಅದನ್ನು ಹದ್ದು ಅಂತಲೇ ತಿಳಿದು ಒಮ್ಮೆಲೇ ಎದ್ದುಬಿಡುತ್ತವೆ, ಆಗ ಕಾಗೆ ನಾಯಿಗಳಿಗೆ ಹಬ್ಬ. ಮರಳು ತುಂಬುವ ಟ್ರ್ಯಾಕ್ಟರ್ ಮಾಡುವ ಹಾನಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಪ್ರೀತಿಯಿಂದ ಫೋಟೊ ತೆಗೆಯಲು ಹೋದವರು ಮಾಡುವ ಹಾನಿ ಕಾಣೋದಿಲ್ಲ.

ಕ್ಯಾಮೆರಾ ಹಿಡಿದ ಮಾತ್ರಕ್ಕೆ ಬೇಟೆ ಬಿಟ್ಟಂತಾಗೋದಿಲ್ಲ ಅನ್ನೋದು ತೇಜಸ್ವಿಯ ಬದುಕು ನೋಡಿದರೆ ತಿಳಿಯುತ್ತದೆ. ಅವರು ಕೋವಿ ಜೊತೆಗೆ ಅವಸರವನ್ನೂ ಬಿಟ್ಟರು. ರೋಲು ದುಬಾರಿ ಇದ್ದಿದ್ದು, ಬೆಳಕು ಕಡಿಮೆ ಇದ್ದಿದ್ದು, ಮರೆಯಲ್ಲಿ ಕೂಡಬೇಕಾಗಿದ್ದು ಎಲ್ಲ ಅವರನ್ನು ಕಾಯುವಂತೆ ಮಾಡಿದವು. ನಮಗೆ ಆ ಅಡ್ಡಿ ಯಾವುದೂ ಇಲ್ಲ. ಮೊಬೈಲಿನಲ್ಲಿ ಸಾವಿರ ಫೋಟೊ ಪುಕ್ಕಟೆ. ಅದಕ್ಕೇ ಕಾಯೋದನ್ನು ನಾವೇ ಬೇಕಂತ ಕಲಿಯಬೇಕು.

ಈ ಬೇಸಿಗೆಗೆ ಇಷ್ಟು ಮಾಡಬಹುದು

ದುಬಾರಿ ಲೆನ್ಸು ಬೇಕಿಲ್ಲ. ನಮ್ಮ ಹೊಲದ ಬದುವಿನ ಮೇಲೆ, ಕೆರೆ ಏರಿಯ ಮೇಲೆ ಒಂದು ಗಿಡದ ನೆರಳು ಸಾಕು. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹೋಗಿ ಒಂದು ತಾಸು ಅಲುಗಾಡದೆ ಕೂಡಬೇಕು. ಹಕ್ಕಿ ಒದರಲು ಶುರು ಮಾಡಿದರೆ ನಾವು ಹೆಚ್ಚು ಹತ್ತಿರ ಹೋಗಿದ್ದೇವೆ ಅಂತ ಅರ್ಥ, ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಗೂಡು ಕಂಡರೆ ಸುತ್ತಲಿನ ಕಡ್ಡಿ, ಹುಲ್ಲು, ಕಲ್ಲು ತೆಗೆದು ಚಂದ ಮಾಡಲು ಹೋಗಬಾರದು, ಅದೇ ಅದರ ಮುಸುಕು. ಮೊಟ್ಟೆ, ಮರಿ ಕೈಯಲ್ಲಿ ಹಿಡಿಯಲೇಬಾರದು. ಮಧ್ಯಾಹ್ನ ದಂಡೆಗೆ ಇಳಿಯಬಾರದು.

ರಂಟಿ ಹೊಡೆಯುವಾಗ, ಟ್ರ್ಯಾಕ್ಟರ್ ಹಾಯಿಸುವಾಗ ಟಿಟ್ಟಿಭದ ಮೊಟ್ಟೆ ಕಂಡರೆ ಅಷ್ಟು ಜಾಗ ಬಿಟ್ಟು ಮುಂದೆ ಹೋಗುವ ರೈತರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಅವರು ಯಾವ ಪುಸ್ತಕವನ್ನೂ ಓದಿದವರಲ್ಲ. ನಾಲ್ಕು ವಾರದ ಮಾತು, ಒಂದು ಮಂಚದಷ್ಟು ನೆಲ. ಅದರಿಂದ ಯಾರ ಬೆಳೆಯೂ ಕಡಿಮೆ ಆಗಿಲ್ಲ.

ಸ್ಟುಡಿಯೋ ಇಟ್ಟವರು, ಮೊಬೈಲ್ ಅಂಗಡಿಯವರು ತಮ್ಮ ಗಿರಾಕಿ ಹುಡುಗರಿಗೆ ಇದೊಂದು ಮಾತು ಹೇಳಿದರೂ ಸಾಕು. ಶಾಲೆಯ ಲೈಬ್ರರಿಯಲ್ಲಿ ಕನ್ನಡ ನಾಡಿನ ಹಕ್ಕಿಗಳು ಇದ್ದರೆ ಕಪಾಟಿನಿಂದ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ತರಿಸಿ.

ತಾಲ್ಲೂಕಿನ ಕೆರೆ, ಹಳ್ಳ, ಡೋಣಿ ದಂಡೆಯಲ್ಲಿ ನೀವು ತೆಗೆದ ಹಕ್ಕಿ ಚಿತ್ರಗಳಿದ್ದರೆ ನಮಗೆ ಕಳಿಸಿ, ಹೆಸರು ಹಾಕಿ ಪ್ರಕಟಿಸುತ್ತೇವೆ. ಊರ ಹೆಸರು ಬರೆಯಿರಿ. ಗೂಡಿನ ಜಾಗ ಮಾತ್ರ ಬರೀಬ್ಯಾಡ್ರಿ, ಅದು ನಿಮಗೂ ಹಕ್ಕಿಗೂ ಗೊತ್ತಿದ್ದರೆ ಸಾಕು.